ಒಂಬತ್ತು ಅಡಿಯ ದಾಟು

ಕೃಷಿಮೇಳದಲ್ಲಿ ಮರ ಹತ್ತುವ ಯಂತ್ರದ ಮಳಿಗೆ ಇದ್ದರೆ ಅಲ್ಲಿ ಜನ ಮುತ್ತಿಯೇ ಮುತ್ತುತ್ತಾರೆ. ಹೋದ ಚಳಿಗಾಲದಲ್ಲಿ ಅಂಥದ್ದೊಂದು ಮಳಿಗೆಯ ಎದುರು ಹುಡುಗನೊಬ್ಬ ನೆಟ್ಟ ಕಂಬವನ್ನು ಸರಸರನೆ ಏರಿ, ಮೇಲಿಂದ ಕೈಬೀಸಿ, ಅಷ್ಟೇ ಸಲೀಸಾಗಿ ಇಳಿದು ತೋರಿಸಿದ. ಚಪ್ಪಾಳೆ ಬಿತ್ತು. ನನ್ನ ಜೊತೆ ಬಂದಿದ್ದ ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮಾತ್ರ ಬಾಯಲ್ಲಿದ್ದ ಕವಳ ಉಗಿದು ಬಂದು ಒಂದೇ ಮಾತು ಕೇಳಿದ: "ಹತ್ತಿದ್ದಾಯ್ತು. ಪಕ್ಕದ ಮರಕ್ಕೆ ಹೋಗೂದು ಹೆಂಗೆ?" ಇಳಿದು ಮತ್ತೆ ಹತ್ತುವುದು ಎಂದರು ಮಳಿಗೆಯವರು. ಅವನು ನಕ್ಕು ಮುಂದಿನ ಮಳಿಗೆಗೆ ಹೋದ.

ಆ ನಗುವಿನಲ್ಲಿ ಲೆಕ್ಕ ಇದೆ. ಅಡಿಕೆ ನೆಡುವುದು 9 ಅಡಿಗೊಂದರಂತೆ. 50 ಅಡಿ ಎತ್ತರಕ್ಕೆ ಹೋದ ಮೇಲೆ ಗಾಳಿಗೆ ತೂಗುವ ಎರಡು ತಲೆಗಳ ನಡುವೆ ಆ ಅಂತರ ಒಂದು ಚಾಚಿದ ಕೈ, ಒಂದು ಕೊಕ್ಕೆಯಷ್ಟಕ್ಕೆ ಇಳಿಯುತ್ತದೆ. ಕೊನೆಗೌಡ ಒಮ್ಮೆ ಹತ್ತಿದರೆ ಎಂಟು ಹತ್ತು ಮರ ಮುಗಿಸಿಯೇ ಇಳಿಯುವವನು. ಪ್ರತಿ ಮರಕ್ಕೂ ನೆಲದಿಂದ ಏರು ಎಂದರೆ ಅವನ ಕಾಲಿಗೆ ದಿನದ ಕೆಲಸ ಎಂಟು ಹತ್ತು ಪಟ್ಟು. ಮೇಲಾಗಿ ನಮ್ಮ ಕಡೆಯ ಅರ್ಧ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಬಳ್ಳಿ ಹಬ್ಬಿದ ಮರಕ್ಕೆ ಯಾವ ಯಂತ್ರವೂ ಅಪ್ಪಿಕೊಳ್ಳದು. ಅದರ ಕೊನೆ ಪಕ್ಕದ ಬೋಳು ಮರದಿಂದಲೇ ಬರಬೇಕು.

ತೆಂಗಿನ ಮಾತು ಬೇರೆ. ಅಲ್ಲಿ ಮರದಿಂದ ಮರಕ್ಕೆ 25 ಅಡಿ, ದಾಟುವ ಪ್ರಶ್ನೆಯೇ ಇಲ್ಲ. ಅದಕ್ಕೇ ಕಣ್ಣೂರು ಕಡೆಯ ಚೆಂಬೇರಿ ಮಾದರಿಯ, ಎರಡು ಕಾಲಿಗೆ ಎರಡು ಕುಣಿಕೆಯ ಸರಳ ಯಂತ್ರ ತೆಂಗಿನಲ್ಲಿ ಗೆದ್ದಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಸ್ನೇಹಿತರು' ತರಬೇತಿ ಶುರು ಮಾಡಿದ ಮೇಲೆ, ಮರ ಹತ್ತುವ ಮನೆತನದಲ್ಲಿ ಹುಟ್ಟದ ಗಂಡಸರು, ಹೆಂಗಸರು ಕೂಡ ಆ ಯಂತ್ರ ತೊಟ್ಟು ಕಾಯಿ ಕೆಡವಿದರು. ಅದನ್ನೇ ಸಣ್ಣದು ಮಾಡಿ ಅಡಿಕೆಗೆ ಹಾಕಿದಾಗಲೇ ತಕರಾರು ಏಳುವುದು. ಬಂಟ್ವಾಳ ತಾಲೂಕಿನ ಗಣಪತಿ ಭಟ್ಟರು ಪೆಟ್ರೋಲ್ ಎಂಜಿನ್ ಕೂರಿಸಿ ಮಾಡಿದ ಮರ ಹತ್ತುವ ಬೈಕು 2019ರಲ್ಲಿ ದೇಶವೆಲ್ಲ ನೋಡಿದ ವಿಡಿಯೊ ಆಯಿತು. ಬೆವರಿಲ್ಲದೆ ಮೇಲೆ ಹೋಗುವುದನ್ನು ಅದು ನಿಜಕ್ಕೂ ಸಾಧಿಸಿತು. ನನಗೆ ಆ ಮನುಷ್ಯನ ಛಲದ ಮೇಲೆ ಗೌರವ ಇದೆ. ಆದರೆ ಪಕ್ಕದ ಮರಕ್ಕೆ ಅದೂ ಇಳಿದೇ ಹೋಗಬೇಕು.

ನಮ್ಮವನು ದಾಟುವುದನ್ನು ನೋಡಿ. ಕೊಯ್ದ ಕೊನೆಯನ್ನು ನೇಣಿಗೆ ಸಿಕ್ಕಿಸಿ, ಕೆಳಗೆ ನೇಣು ಹಿಡಿದವನತ್ತ ಜಾರಿಸಿಬಿಡುತ್ತಾನೆ. ಕತ್ತಿ ಸೊಂಟಕ್ಕೆ. ಕೊಕ್ಕೆ ಚಾಚಿ ಪಕ್ಕದ ಮರದ ತಲೆಯನ್ನು ಎಳೆಯುತ್ತಾನೆ. ತಾನು ಕೂತ ಮರವೂ ಅತ್ತ ಬಾಗುತ್ತದೆ. ಎರಡೂ ಸಮೀಪಿಸಿದ ಗಳಿಗೆಯಲ್ಲಿ ಎಡಗೈ ಆ ಮರಕ್ಕೆ, ಹಿಂದೆಯೇ ಎಡಮೊಣಕಾಲು, ಆಮೇಲೆ ಇಡೀ ಮೈ. ತಳೆಬಳ್ಳಿ ಒಂದೇ ಪಾದದಲ್ಲಿ ನೇತಾಡುತ್ತ ಹೋಗುತ್ತದೆ. ಬಿಟ್ಟ ಮರ ಹಿಂದಕ್ಕೆ ಚಿಮ್ಮಿ ಮೂರು ನಾಲ್ಕು ಸಲ ತೂಗಿ ನಿಲ್ಲುತ್ತದೆ. ಅಷ್ಟರಲ್ಲಿ ಅವನು ಮುಂದಿನ ಕೊನೆಯ ಬುಡಕ್ಕೆ ಕತ್ತಿ ಇಟ್ಟಾಗಿರುತ್ತದೆ. ಈ ಇಡೀ ಹೊತ್ತಿನಲ್ಲಿ ಅವನನ್ನು ಹಿಡಿದಿಟ್ಟಿದ್ದು ಅವನ ಕೈ, ಕಾಲು ಮಾತ್ರ. ನನ್ನ ಮಟ್ಟಿಗೆ ಮರ ಹತ್ತುವ ಯಾವ ಸಾಧನವನ್ನಾದರೂ ತೂಗಬೇಕಾದ್ದು ಈ ದಾಟಿನಲ್ಲಿ. ಏರುವ ವೇಗ ಮಳಿಗೆಯವರ ವಿಷಯ.

ತಳೆಯಿಂದಲೇ ಶುರು ಮಾಡುವ. ಎರಡು ಪಾದಕ್ಕೆ ಸೇರಿಸಿ ಹಾಕುವ ಈ ಕುಣಿಕೆಗೆ ಹಾಳೆಯ ಎಳೆ, ಗೋಣಿ, ಹಳೇ ಬಟ್ಟೆ ಏನಾದರೂ ಆದೀತು, ಅಳತೆ ಮಾತ್ರ ತಪ್ಪಬಾರದು. ಪಾದಗಳ ನಡುವೆ ಮರದ ದಪ್ಪಕ್ಕಿಂತ ತುಸು ಕಡಿಮೆ ಜಾಗ ಉಳಿಯಬೇಕು. ಆಗ ಮೈಭಾರ ಕೆಳಗೆ ಜಗ್ಗಿದಷ್ಟೂ ಅಂಗಾಲು ಎರಡೂ ಬದಿಯಿಂದ ಮರವನ್ನು ಒತ್ತುತ್ತವೆ. ಸಡಿಲವಾದರೆ ಬರೇ ಅಲಂಕಾರ. ಬಣ್ಣದ ಪ್ಲಾಸ್ಟಿಕ್ ಹಗ್ಗದ ತಳೆ ಬಾಳಿಕೆ ಬರುತ್ತದೆ ನಿಜ, ಆದರೆ ಒದ್ದೆ ಮರದ ಮೇಲೆ ಸಾಬೂನು. ಒದ್ದೆ ಗೋಣಿ ಕಚ್ಚಿಕೊಳ್ಳುತ್ತದೆ.

ಮಳೆಗಾಲದ ಮಾತು ಬಂತಲ್ಲ, ಮದ್ದು ಹೊಡೆಯುವ ಕೆಲಸಕ್ಕೆ ಬರುತ್ತೇನೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಬರೆದು, ಬೋರ್ಡೋ ದ್ರಾವಣವನ್ನು ಮದ್ದಾಗಿ ಸೂಚಿಸಿದ. ಅಲ್ಲಿಂದಾಚೆ ಕೊನೆಗೌಡನಿಗೆ ಕೊಯ್ಲಿನ ಜೊತೆ ಮಳೆಗಾಲದ ಮರವೂ ಅಂಟಿಕೊಂಡಿತು: ಮುಂಗಾರಿನ ಬಾಗಿಲಲ್ಲಿ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಕೈಯಲ್ಲಿ ಪಿಚಕಾರಿ ಹಿಡಿದು ಪ್ರತಿ ಕೊನೆಯನ್ನೂ ತೋಯಿಸಬೇಕು. ಆದ್ದರಿಂದ ಮರಕ್ಕೆ ಬಳ್ಳಿಯಲ್ಲಿ ಸಿಕ್ಕಿಸಿದ ಪುಟ್ಟ ಮಣೆಯ ಮೇಲೆ ಕೂರಲೇಬೇಕು. ಗಂಟೆಗಟ್ಟಲೆ ಹಾಗೆ ಕೂತವನ ತೊಡೆ ಮರಗಟ್ಟುತ್ತದೆ, ದಾಟುವ ಹೊತ್ತಿಗೆ ಕಾಲೇ ಹೇಳಿದ ಮಾತು ಕೇಳುವುದಿಲ್ಲ. ಮಣೆಯ ಅಂಚನ್ನು ಉಜ್ಜಿ ದುಂಡು ಮಾಡಿಸಿ. ಅಗ್ಗದ ಸುಧಾರಣೆ, ನಮ್ಮಲ್ಲಿ ಅದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

ಬೋರ್ಡೋ ದ್ರಾವಣ ಲೋಹಕ್ಕೆ ಶತ್ರು. 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಕಲಸಿದ ಮೇಲೆ ಅದರಲ್ಲಿ ಕತ್ತಿಯ ಅಲಗು ಅದ್ದಿ ನೋಡುತ್ತೇವಲ್ಲ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಹತ್ತುವ ಆ ಕೆಂಪು ತಾಮ್ರ. ಅದೇ ಪಾಕ ನಿಮ್ಮ ಸೊಂಟದ ಕೊಂಡಿಯ ಮೇಲೂ ದಿನವಿಡೀ ಸುರಿಯುತ್ತಿರುತ್ತದೆ. ಅಲ್ಯೂಮಿನಿಯಂ ಕ್ಯಾರಬೈನರಿಗೆ ತಾಮ್ರವೂ ಆಗದು, ಸುಣ್ಣವೂ ಆಗದು. ಸಂಜೆ ಸಿಹಿನೀರಲ್ಲಿ ತೊಳೆದು, ಬಾಗಿಲು ತಾನಾಗಿ ಟಕ್ಕನೆ ಮುಚ್ಚುತ್ತದೋ ನೋಡಿ, ಆಮೇಲೇ ಗೂಟಕ್ಕೆ ಸಿಕ್ಕಿಸಬೇಕು.

ಸೊಂಟದ ಕೊಂಡಿ ಎಂದೆ. ಹೌದು, ನಾನು ಹಾರ್ನೆಸ್ ಹಾಕುವವನು. ಆರು ವರ್ಷದ ಹಿಂದೆ ಬಾಡಿಗೆಗೆ ತಂದ ಏರುಯಂತ್ರವೊಂದರ ರಬ್ಬರು ಪಾಚಿಗಟ್ಟಿದ ಮರದ ಮೇಲೆ ಜಾರಿ, 15 ಅಡಿಯಿಂದ ಮರವನ್ನಪ್ಪಿಕೊಂಡೇ ಕೆಳಗೆ ಬಂದೆ. ಎದೆಯ, ಒಳತೋಳಿನ ಚರ್ಮ ಮರದಲ್ಲೇ ಉಳಿಯಿತು. ಅಂದು ಸೊಂಟಕ್ಕೆ ಬೆಲ್ಟ್ ಇತ್ತು, ಮರವನ್ನು ಸುತ್ತಿಯೂ ಇತ್ತು. ಅಡಿಕೆ ಮರಕ್ಕೆ ಒಂದು ಸುತ್ತು ಬಳಸಿದ ಬೆಲ್ಟು ನಿಮ್ಮನ್ನು ನಿಲ್ಲಿಸುವುದಿಲ್ಲ. ನಿಮ್ಮ ಜೊತೆ ತಾನೂ ಜಾರುತ್ತದೆ. ಪರದೇಶದ ಕೈಪಿಡಿಗಳು ಕೊಂಬೆಯ ಕವಲಿಗೆ ಹಗ್ಗ ಹಾಕಿ ಎನ್ನುತ್ತವೆ. ಅಡಿಕೆಗೆ ಕೊಂಬೆಯನ್ನು ಎಲ್ಲಿಂದ ತರುವುದು? ಇಲ್ಲಿ ಬೇಕಾದ್ದು ಭಾರ ಬಿದ್ದಷ್ಟೂ ಬಿಗಿಯುವ ಉರುಳು ಕುಣಿಕೆ, ಅದೂ ಹಾಳೆಯ ಮೇಲಲ್ಲ, ಕೊನೆಗಿಂತ ಕೆಳಗೆ, ಗಟ್ಟಿ ಕಾಂಡಕ್ಕೆ. ಹಸಿರು ಹಾಳೆ ನೋಡಲು ಗಟ್ಟಿ. ಹಣ್ಣಾದದ್ದು ಕೈಗೇ ಕಿತ್ತು ಬರುತ್ತದೆ.

ದಾಟಿಗೆ ನನ್ನ ಪರಿಹಾರ ಎರಡು ಹಗ್ಗ. ಒಂದು ಈ ಮರಕ್ಕೆ ಬಿಗಿದಿರುವಾಗಲೇ ಇನ್ನೊಂದನ್ನು ಆ ಮರಕ್ಕೆ ಹಾಕಿ, ಆಮೇಲೆ ಮೊದಲನೆಯದನ್ನು ಬಿಚ್ಚುವುದು. ಉದ್ದ ಹೊಂದಿಸಲು ಪ್ರೂಸಿಕ್ ಗಂಟು. ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದದ್ದು. ಸಣ್ಣ ದಾರವನ್ನು ದಪ್ಪ ಹಗ್ಗಕ್ಕೆ ಮೂರು ಸುತ್ತು ಹಾಕಿದರೆ, ಭಾರ ಇಲ್ಲದಾಗ ಜಾರುತ್ತದೆ, ಭಾರ ಬಿದ್ದರೆ ಕಚ್ಚುತ್ತದೆ. ಎರಡೂ ಒಂದೇ ದಪ್ಪವಾದರೆ ಕಚ್ಚುವುದಿಲ್ಲ, ನೆನಪಿರಲಿ. ಹಗ್ಗ ಪಾಲಿಯೆಸ್ಟರಿನದಾದರೆ ನಮ್ಮ ಮಳೆಗೆ ವಾಸಿ. ನೈಲಾನು ನೆನೆದರೆ ಬಲ ಕಳೆದುಕೊಳ್ಳುತ್ತದೆ.

ಬೂಟಿಗೆ ಮುಳ್ಳು ಕಟ್ಟಿಕೊಂಡು ಹತ್ತುವ ಯೋಚನೆ ಯಾರಿಗಾದರೂ ಇದ್ದರೆ ಬಿಡಿ. ಮಾವಿನ ಮರದಂತೆ ಅಡಿಕೆಯ ಗಾಯ ಮುಚ್ಚಿಕೊಳ್ಳುವುದಿಲ್ಲ. ಇವತ್ತಿನ ತೂತು ಮರ ಬಿದ್ದುಹೋಗುವ ತನಕವೂ ತೂತೇ.

ಇವೆಲ್ಲಕ್ಕಿಂತ ಮೊದಲು ಮರವನ್ನೇ ಓದಬೇಕು, ಮುಖ್ಯವಾಗಿ ಅದರ ನೈಋತ್ಯದ ಮೈಯನ್ನು. ಮಧ್ಯಾಹ್ನದ ಮೇಲಿನ ಬಿಸಿಲು ಬಡಿದು ಅಲ್ಲಿ ಕಾಂಡ ಸುಟ್ಟು, ಸೀಳಿ, ಒಳಗೆ ಟೊಳ್ಳಾಗಿರುತ್ತದೆ. ಕೊನೆಗೌಡ ಕತ್ತಿಯ ಹಿಂಬದಿಯಿಂದ ಎರಡು ಸಲ ತಟ್ಟುತ್ತಾನೆ. ಬೊದ್ದು ಸದ್ದು ಬಂದರೆ ಆ ಮರಕ್ಕೆ ದಾಟಲೂ ಆಗದು, ಅದರಿಂದ ದಾಟಲೂ ಆಗದು. ಬುಡದಲ್ಲಿ ಅಣಬೆ ಎದ್ದ ಮರ, ಹಿಡಿಮುಂಡಿಗೆಯಾಗಿ ತಲೆ ಮುರುಟಿದ ಮರ, ಮರಕುಟಿಗ ತೂತು ಕೊರೆದ ಮರ, ಇವನ್ನೂ ಬಿಡುತ್ತಾನೆ. ಚಗಳಿ ಇರುವೆಯ ಕೊಟ್ಟೆಗೆ ಮಾತ್ರ ಅವನು ಹೆದರುವುದಿಲ್ಲ. ನಾನು ಹೆದರುತ್ತೇನೆ, ಎರಡೂ ಕೈ ಹಗ್ಗದಲ್ಲಿರುವಾಗ ಕತ್ತಿನೊಳಗೆ ಇಳಿದ ಚಗಳಿಯನ್ನು ಏನು ಮಾಡುತ್ತೀರಿ?

ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 60 ಅಡಿಯ ಕೊನೆಯನ್ನು ನೆಲದಲ್ಲೇ ನಿಂತು ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಕತ್ತು ನೋವು ಒಂದನ್ನು ಬಿಟ್ಟರೆ ಸೊಗಸಾದ ಸಾಧನ. ಸ್ವಂತ ತೋಟ, ತೆಳು ಮೈ, ಸಮತಟ್ಟು ನೆಲ ಇದ್ದವರು ಅದನ್ನೇ ಕೊಳ್ಳಿ. ಒಂದು ಎಚ್ಚರ: ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿ ಜನ ಸತ್ತಿದ್ದಾರೆ, ಅದು ಎಲ್ಲರಿಗೂ ಗೊತ್ತು, ಕಾರ್ಬನ್ನಿನಲ್ಲೂ ಕರೆಂಟು ಹರಿಯುತ್ತದೆ ಎನ್ನುವುದು ಕೊಂಡವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ತೋಟದ ಮೇಲೆ ತಂತಿ ಹಾದ ಸಾಲುಗಳಿಗೆ ಮೊದಲೇ ಬಣ್ಣ ಹಚ್ಚಿಟ್ಟುಕೊಳ್ಳಿ.

ಈ ಸಲದ ಕೊಯ್ಲಿಗೆ ಕೊನೆಗೌಡನಿಗೂ ಒಂದು ಹಾರ್ನೆಸ್, ಎರಡು ಹಗ್ಗ ಕೊಟ್ಟೆ. ಮೂರು ದಿನ ನನ್ನ ಮರ್ಯಾದೆಗೆ ಹಾಕಿಕೊಂಡ. ನಾಲ್ಕನೆಯ ದಿನ ಮೇಲಿಂದಲೇ ಕೂಗಿದ, ಎರಡನೇ ಹಗ್ಗ ಸೋಗೆಗೆ ಸಿಕ್ಕಿಕೊಳ್ಳುತ್ತದೆ ಎಂದು. ಬಿಚ್ಚಿ ಎಸೆಯುತ್ತಾನೆ ಅಂದುಕೊಂಡೆ. ಇಳಿದು ಬಂದು, ಕೂತು, ತನ್ನ ತೋಳಿಗೆ ಅಳೆದು, ಎರಡು ಗೇಣು ಕತ್ತರಿಸಿ, ಕುಣಿಕೆಯನ್ನು ಹೊಸದಾಗಿ ಹಾಕಿದ. ತುದಿಯನ್ನು ದೀಪಕ್ಕೆ ಹಿಡಿದು ಕರಗಿಸುವುದೊಂದೇ ನಾನು ಹೇಳಿಕೊಟ್ಟದ್ದು. ಮರುದಿನ ನನ್ನ ಹಗ್ಗವನ್ನೂ ಎರಡು ಗೇಣು ಕತ್ತರಿಸಿಕೊಂಡೆ.