ಲಾಳ ಹೊಡೆದ ಬೂಟು

ಜಾರ್ಜ್ ಸ್ಯಾಂಡಳ ಹೆಸರೆತ್ತಿದರೆ ಆಕೆಯ ಕಾದಂಬರಿಗಳಿಗಿಂತ ಮೊದಲು ನೆನಪಾಗುವುದು ಷರಾಯಿ, ಚಿರೂಟು ಮತ್ತು ಸಂಗೀತಗಾರ ಷೋಪಾ. ಹೆಂಗಸೊಬ್ಬಳು ಗಂಡಸಿನ ಹೆಸರಿಟ್ಟುಕೊಂಡು, ಗಂಡುಡುಪು ತೊಟ್ಟು ಪ್ಯಾರಿಸ್ಸಿನ ಬೀದಿಗಳಲ್ಲಿ ತಿರುಗಿದಳೆಂಬ ಕಥೆ ಎಷ್ಟು ರುಚಿಕರವಾಗಿದೆಯೆಂದರೆ, ಸ್ವತಃ ಆಕೆಯೇ ಅದನ್ನು ಕುರಿತು ಏನು ಬರೆದಿದ್ದಾಳೆಂದು ನೋಡುವ ಗೋಜಿಗೆ ಹೆಚ್ಚು ಜನ ಹೋಗುವುದಿಲ್ಲ. ನಾನೂ ಹೋಗಿರಲಿಲ್ಲ. ಈಚೆಗೆ ಆಕೆಯ ಆತ್ಮಕಥೆಯನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದಾಗ ಬೂಟಿನ ಪ್ರಸಂಗ ಎದುರಾಯಿತು. ಎರಡು ಸಲ ಮನಸ್ಸಿನಲ್ಲೇ ಓದಿಕೊಂಡೆ. ಮೂರನೆಯ ಸಲ ಗಟ್ಟಿಯಾಗಿ ಓದಿದೆ.

1831ರ ಜನವರಿಯಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಆಕೆ ನೋಆನಿನ ಮನೆ ಬಿಟ್ಟು ಪ್ಯಾರಿಸ್ಸಿಗೆ ಬಂದಳು. ಇನ್ನೂ ಜಾರ್ಜ್ ಸ್ಯಾಂಡ್ ಆಗಿರಲಿಲ್ಲ; ಅರೋರ್ ದ್ಯುದ್ವಾಂ ಎಂಬ ಗೃಹಿಣಿ. ತಿಂಗಳಿಗೆ 250 ಫ್ರಾಂಕು ವರಮಾನ, ಬರೆದು ಬದುಕಬೇಕೆಂಬ ಹಟ. ಎಲ್ಲಿಗೆ ಹೋಗಬೇಕಾದರೂ ನಡಿಗೆಯೇ ಗತಿ, ಅದೂ ಚಳಿಗಾಲದ ಕೆಸರಿನಲ್ಲಿ. ಹೆಂಗಸರ ತೆಳು ಜೋಡು ಎರಡು ದಿನಕ್ಕೆ ಬಿರಿಯುತ್ತಿತ್ತು. ಕೆಸರಿಗೆಂದು ಅದರ ಮೇಲೆ ತೊಡುವ ಮೆಟ್ಟು ಕಾಲಿಗೆ ತೊಡರುತ್ತಿತ್ತು. ಆಗ ಆಕೆಯ ತಾಯಿ ತನ್ನ ಹಳೆಯ ಅನುಭವ ಹೇಳಿದಳು: ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ ತಾನೂ ಗಂಡುಡುಪು ತೊಟ್ಟು ಗಂಡನ ಜೊತೆ ಎಲ್ಲೆಡೆ ನಡೆದೇ ಹೋಗುತ್ತಿದ್ದಳಂತೆ, ಮನೆಖರ್ಚು ಅರ್ಧಕ್ಕೆ ಇಳಿಯುತ್ತಿತ್ತಂತೆ. ಮಗಳು ಬೂದುಬಣ್ಣದ ದಪ್ಪ ಬಟ್ಟೆಯಲ್ಲಿ ಉದ್ದ ಕೋಟು, ಷರಾಯಿ ಹೊಲಿಸಿಕೊಂಡಳು.

ಇಷ್ಟರವರೆಗೆ ಬರಹ ಮನೆಲೆಕ್ಕದ ಪುಸ್ತಕದಂತೆ ಸಾಗುತ್ತದೆ. ಬೂಟು ಬಂತೋ ಇಲ್ಲವೋ, ಧಾಟಿಯೇ ಬೇರೆಯಾಗುತ್ತದೆ. ಕೋಟನ್ನು ಒಂದೆರಡು ಮಾತಿನಲ್ಲಿ ಮುಗಿಸಿದ ಲೇಖಕಿ ಬೂಟಿನ ಮುಂದೆ ನಿಂತುಬಿಡುತ್ತಾಳೆ. ಹಿಮ್ಮಡಿಗೆ ಕಬ್ಬಿಣ ಹೊಡೆದ ಆ ಬೂಟನ್ನು ಹಾಕಿಕೊಂಡೇ ಮಲಗಬೇಕೆನ್ನಿಸಿತಂತೆ, ಚಿಕ್ಕಂದಿನಲ್ಲಿ ಅಣ್ಣ ಮಾಡಿದ ಹಾಗೆ! ಕಲ್ಲುಹಾಸಿನ ಮೇಲೆ ಮೊದಲ ಬಾರಿಗೆ ಕಾಲು ಊರಿ ನಿಂತಿತು. ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋದಳು. ಎಷ್ಟು ಹೊತ್ತಿಗೆ ಬೇಕಾದರೂ ಹಿಂತಿರುಗಿದಳು. ನಾಟಕಶಾಲೆಯಲ್ಲಿ ಗಂಡಸರಿಗೆ ಮೀಸಲಾಗಿದ್ದ ಅಗ್ಗದ ಜಾಗದಲ್ಲಿ ಕುಳಿತಳು. ಈ ಆತ್ಮಕಥೆ ಪತ್ರಿಕೆಯಲ್ಲಿ ಬೆಳಕು ಕಂಡದ್ದು 1854-55ರಲ್ಲಿ. ಐವತ್ತರ ಹೆಂಗಸು ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಜೊತೆ ಬೂಟನ್ನು ಇಷ್ಟು ಅಕ್ಕರೆಯಿಂದ ನೆನೆಯುತ್ತಾಳೆ. ಕೆಲವು ಪ್ರಣಯಪ್ರಸಂಗಗಳಿಗೆ ಕೂಡ ಅದೇ ಪುಸ್ತಕದಲ್ಲಿ ಇಷ್ಟು ಮರ್ಯಾದೆ ಸಿಕ್ಕಿಲ್ಲ.

ಸಾಹಿತ್ಯದಲ್ಲಿ ಗಂಡುಡುಪಿನ ಹೆಣ್ಣಿಗೆ ಬರವಿಲ್ಲ. ಷೇಕ್ಸ್‌ಪಿಯರನ ಪೋರ್ಷಿಯಾ, ವಯೋಲಾ, ರಾಸಲಿಂಡ್ ಎಲ್ಲರೂ ಹಾಗೆ ಬಂದವರೇ. ಆದರೆ ಅವರದು ಮಾರುವೇಷ. ನ್ಯಾಯಸಭೆಗಾಗಿ, ಮಾನರಕ್ಷಣೆಗಾಗಿ ತೊಟ್ಟು, ಕೊನೆಯ ಅಂಕಕ್ಕೆ ಕಳಚುವ ವೇಷ. ಆರ್ಡೆನ್ ಕಾಡಿಗೆ ಬಂದು ಸೇರಿದ ರಾಸಲಿಂಡ್ ಸೋತು ಸುಣ್ಣವಾಗಿದ್ದಾಳೆ. ಅಷ್ಟು ದೂರ ನಡೆದ ಕಾಲಿಗೆ ಏನು ಹಾಕಿಕೊಂಡಿದ್ದಳೆಂದು ಕವಿ ಹೇಳುವುದಿಲ್ಲ. ಜೇನ್ ಆಸ್ಟೆನಳ ಎಲಿಜಬೆತ್ ಕೆಸರಿನಲ್ಲಿ ಮೂರು ಮೈಲಿ ನಡೆಯುತ್ತಾಳೆ; ಲಂಗದ ಅಂಚಿನ ಕೊಳೆಯನ್ನು ಕಂಡು ಬಿಂಗ್ಲಿಯ ತಂಗಿಯರು ಮೂಗು ಮುರಿಯುತ್ತಾರೆ. ಜೋಡಿನ ಪಾಡೇನಾಯಿತು? ಅದೇ ಕಾದಂಬರಿಯಲ್ಲಿ ನೃತ್ಯಕ್ಕೆ ಹಾಕಿಕೊಳ್ಳುವ ಜೋಡಿನ ಗುಲಾಬಿ ಕುಚ್ಚುಗಳನ್ನು ಮಳೆಯ ದೆಸೆಯಿಂದ ಬೇರೆಯವರ ಕೈಲಿ ತರಿಸಿಕೊಳ್ಳಬೇಕಾಯಿತು ಎಂಬ ವಿವರವಿದೆ. ಆಸ್ಟೆನಳ ಕಣ್ಣು ಚುರುಕು. ಕುಚ್ಚಿನವರೆಗೆ ಬಂದು ಅಟ್ಟೆಯವರೆಗೆ ಹೋಗಲಿಲ್ಲ.

ಸ್ಯಾಂಡಳನ್ನು ಹೊಗಳುವವರಿಗೂ ಹಳಿಯುವವರಿಗೂ ಆದ ತಪ್ಪು ಒಂದೇ ಎಂದು ನನಗೆ ತೋರುತ್ತದೆ. ಒಬ್ಬರಿಗೆ ಆ ಉಡುಪು ಬಂಡಾಯದ ಬಾವುಟ, ಇನ್ನೊಬ್ಬರಿಗೆ ನಾಚಿಕೆಗೇಡು. ಇಬ್ಬರ ಕಣ್ಣೂ ಕೋಟಿನ ಮೇಲೆ. ಆಕೆ ಬರೆದದ್ದು ಕಾಲನ್ನು ಕುರಿತು. ಆ ಬೂಟು ಚೆನ್ನಾಗಿತ್ತು, ಗಟ್ಟಿಯಾಗಿತ್ತು, ಕಾಲಿಗೆ ಹಿತವಾಗಿತ್ತು. ಅದು ಗಂಡಸಿನದೆಂಬುದು ಎರಡನೆಯ ಮಾತು. ಆದರೆ 1800ರಲ್ಲಿ ಹೊರಟ ಪೊಲೀಸ್ ಆಜ್ಞೆಯ ಪ್ರಕಾರ ಪ್ಯಾರಿಸ್ಸಿನ ಹೆಂಗಸು ಗಂಡುಡುಪು ತೊಡಲು ಅಪ್ಪಣೆ ಪಡೆಯಬೇಕಿತ್ತು. ಅದಕ್ಕೆ ಆರೋಗ್ಯದ ಕಾರಣ ಬೇಕಿತ್ತು. ಹಿತವೆಂಬುದು ಕಾರಣಗಳ ಪಟ್ಟಿಯಲ್ಲಿರಲಿಲ್ಲ. ಆ ಆಜ್ಞೆ ಅಸಿಂಧುವೆಂದು ಫ್ರೆಂಚ್ ಸರ್ಕಾರ ಹೇಳಿದ್ದು 2013ರಲ್ಲಿ.

ನನಗೆ ಈ ಪ್ರಸಂಗ ಇಷ್ಟು ನಾಟಿದ್ದಕ್ಕೆ ಸ್ವಂತದ ಕಾರಣವೂ ಉಂಟು, ಮುಚ್ಚಿಡುವುದೇಕೆ? ನನ್ನ ಪಾದ ಅಗಲ. ಹೆಂಗಸರ ಜೋಡಿನ ಚೂಪು ಮೂತಿಯೊಳಗೆ ಅದನ್ನು ತುರುಕಿ ತುರುಕಿ ಎರಡು ಕಿರುಬೆರಳುಗಳ ಮೇಲೂ ಆಣಿ ಬೆಳೆಸಿಕೊಂಡವಳು ನಾನು. ತಪ್ಪು ಕಾಲಿನದೆಂದೇ ಬಹುಕಾಲ ನಂಬಿದ್ದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದ 79 ಕಡೆಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಾಗ, ನಮ್ಮವರ ಪಾದ ಯೂರೋಪು ಅಮೆರಿಕಗಳವರ ಪಾದಕ್ಕಿಂತ ಅಗಲವೆಂದು ಕಂಡುಬಂತು. ಆ ಸುದ್ದಿ ಓದಿದ ಮೇಲೆ ಧೈರ್ಯ ಮಾಡಿ ಅಂಗಡಿಯಲ್ಲಿ ಗಂಡಸರ ಸಾಲಿಗೆ ಹೋದೆ. ನಂಬರು ಅದೇ ಆರು. ಬೆರಳುಗಳು ಮಾತ್ರ ಒಂದನ್ನೊಂದು ಬಿಟ್ಟು ಕುಳಿತವು. ಅಂಗಡಿಯ ಹುಡುಗ ಬಿಲ್ಲು ಬರೆಯುತ್ತ, “ಯಜಮಾನರಿಗೆ ಸರಿಹೋಗದಿದ್ದರೆ ಬದಲಾಯಿಸಿಕೊಡ್ತೀವಿ, ಅಮ್ಮ” ಎಂದ. ಜೋಡು ಆಗಲೇ ನನ್ನ ಕಾಲಲ್ಲಿತ್ತು.

ಸ್ಯಾಂಡಳ ಮೇಲೆ ನನ್ನದೊಂದು ಆಕ್ಷೇಪಣೆಯಿದೆ. ‘ಕಾನ್ಸುಎಲೊ’ ಕಾದಂಬರಿಯಲ್ಲಿ ಗಾಯಕಿಯಾದ ನಾಯಕಿ ಹುಡುಗನ ಉಡುಪಿನಲ್ಲಿ, ಬಾಲಕ ಹೈಡನ್ನನ ಜೊತೆ, ವಿಯೆನ್ನಾದತ್ತ ನಡೆದು ಹೋಗುತ್ತಾಳೆ. ಅಧ್ಯಾಯಗಳು ಲವಲವಿಕೆಯಿಂದಿವೆ. ಆದರೂ ಅಲ್ಲಿರುವುದು ಹಳೆಯ ಮಾರುವೇಷವೇ, ದಾರಿಯ ಅಪಾಯಕ್ಕೆ ಅಂಜಿ ತೊಟ್ಟದ್ದು. ತಾನು ಕಂಡ ಸುಖವನ್ನು ತನ್ನ ನಾಯಕಿಗೆ ದಾನ ಮಾಡಲು ಲೇಖಕಿಗೆ ಮನಸ್ಸು ಬರಲಿಲ್ಲವೋ, ಕಾದಂಬರಿಯ ಘನತೆಗೆ ಬೂಟು ಕಡಮೆಯೆನ್ನಿಸಿತೋ ತಿಳಿಯದು. ಆತ್ಮಕಥೆಯ ಆ ಕೆಲವು ಸಾಲುಗಳ ಪಕ್ಕದಲ್ಲಿಟ್ಟರೆ ಕಾದಂಬರಿಯ ನಡಿಗೆ ನನಗೆ ಸ್ವಲ್ಪ ಪುಸ್ತಕದ ನಡಿಗೆಯಾಗಿ ಕಾಣುತ್ತದೆ.

ಬಹು ದೊಡ್ಡ ಆತ್ಮಕಥೆಯದು; ಬೇಸರ ತರಿಸುವ ಭಾಗಗಳೂ ಇವೆ. ಇಡಿಯಾಗಿ ಅಲ್ಲದಿದ್ದರೂ ಪ್ಯಾರಿಸ್ಸಿನ ಈ ಅಧ್ಯಾಯವನ್ನಾದರೂ ಯಾರಾದರೂ ಕನ್ನಡಕ್ಕೆ ತರಬೇಕು. ತರುವವರು ದಯವಿಟ್ಟು ‘ಪಾದರಕ್ಷೆ’ ಎಂದು ಬರೆಯದಿರಲಿ. ಅಲ್ಲಿರುವುದು ಬೂಟು, ಹಿಮ್ಮಡಿಗೆ ಲಾಳ ಹೊಡೆದದ್ದು.