‘ಬಿಗ್’ ಪದಕ್ಕೆ ಎದುರು ಯಾವುದು?

ಇಂಗ್ಲಿಷಿನ ‘ಬಿಗ್’ ಮತ್ತು ‘ಲಾರ್ಜ್’ ಬಹುಮಟ್ಟಿಗೆ ಸಮಾನಾರ್ಥಕಗಳು. ‘ಲಿಟಲ್’ ಮತ್ತು ‘ಸ್ಮಾಲ್’ ಕೂಡ ಹಾಗೆಯೇ. ವಿರೋಧವೆಂಬುದು ಅರ್ಥಗಳ ನಡುವಿನ ಸಂಬಂಧ ಮಾತ್ರವಾಗಿದ್ದರೆ ಇವುಗಳಲ್ಲಿ ಯಾವುದನ್ನು ಯಾವುದರ ಎದುರಿಗಿಟ್ಟರೂ ಸಲ್ಲಬೇಕಿತ್ತು. ಆದರೆ ‘ಲಾರ್ಜ್–ಲಿಟಲ್’ ಎಂಬ ಜೋಡಿ ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ. ಈ ತೊಡಕಿಗೆ ಚಾರ್ಲ್ಸ್ ಮತ್ತು ಮಿಲ್ಲರ್ 1989ರಲ್ಲಿ ಕೊಟ್ಟ ಉತ್ತರ ಸರಳವಾದುದು: ವಿರೋಧವು ಪದಕ್ಕೂ ಪದಕ್ಕೂ ಇರುವ ನಂಟು, ಒಂದೇ ವಾಕ್ಯದಲ್ಲಿ ಮತ್ತೆ ಮತ್ತೆ ಜೊತೆಯಾಗಿ ಬರುವುದರಿಂದ ಅದು ಬೇರೂರುತ್ತದೆ. ಜಸ್ಟೆಸನ್ ಮತ್ತು ಕಾಟ್ಜ್ 1991ರಲ್ಲಿ ಸುಮಾರು 10 ಲಕ್ಷ ಪದಗಳ ಬ್ರೌನ್ ಪಠ್ಯಸಂಚಯವನ್ನು ಆಧರಿಸಿ ಈ ವಾದಕ್ಕೆ ಬಲ ತಂದರು. ಪ್ರಿನ್ಸ್‌ಟನ್ನಿನ ವರ್ಡ್‌ನೆಟ್ ಕೋಶವೂ ‘ಬಿಗ್’ಗೆ ‘ಲಿಟಲ್’ ಅನ್ನು, ‘ಲಾರ್ಜ್’ಗೆ ‘ಸ್ಮಾಲ್’ ಅನ್ನು ನೇರ ವಿರುದ್ಧಪದವಾಗಿ ಗುರುತಿಸುತ್ತದೆ.

ಸಹಪ್ರಯೋಗವು ರೂಢಿಗೆ ಸಾಕ್ಷಿ, ನಿಜ. ಅದೊಂದೇ ನಿಜವಾದ ವಿರೋಧದ ಒರೆಗಲ್ಲಾಗಲಾರದು. ತರತಮವುಳ್ಳ ವಿರುದ್ಧಪದಗಳಿಗೆ ತರ್ಕದ ಲಕ್ಷಣವೊಂದಿದೆ: ‘ಅ’ ಎಂಬುದು ‘ಆ’ಗಿಂತ ಹಿರಿದಾದರೆ ‘ಆ’ ಎಂಬುದು ‘ಅ’ಗಿಂತ ಕಿರಿದಾಗಲೇಬೇಕು. ‘ಬಿಗರ್’ ಎಂಬ ತುಲನಾರೂಪವನ್ನು ತಿರುಗಿಸಿದಾಗ ಸಿಗುವುದು ಸಾಮಾನ್ಯವಾಗಿ ‘ಸ್ಮಾಲರ್’. ‘ಲಿಟಲರ್’ ಬಳಕೆ ವಿರಳ. ಹೀಗೆ ರೂಢಿಯ ಜೋಡಿ ಒಂದು, ತರ್ಕದ ಜೋಡಿ ಇನ್ನೊಂದು. ಇದಲ್ಲದೆ ‘ಲಿಟಲ್’ ಅಳತೆಯೊಂದಿಗೆ ಅಕ್ಕರೆಯನ್ನೂ ಕೆಲವೊಮ್ಮೆ ತಾತ್ಸಾರವನ್ನೂ ಸೂಚಿಸಬಲ್ಲದು. ನೀರು, ಸಮಯಗಳಂತಹ ಎಣಿಸಲಾಗದ ವಸ್ತುಗಳ ಜೊತೆಗೆ ಬಂದಾಗ ಅದು ಪ್ರಮಾಣವಾಚಿಯಾಗಿ ‘ಮಚ್’ ಎಂಬುದರ ಎದುರು ನಿಲ್ಲುತ್ತದೆ. ‘ಸ್ಮಾಲ್’ ಪದಕ್ಕೆ ಈ ಹರಹಿಲ್ಲ.

ಕನ್ನಡದ ಜೋಡಿಗಳೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರಕ್ಕೆ ಚಿಕ್ಕಬಳ್ಳಾಪುರ, ದೊಡ್ಡಪ್ಪನಿಗೆ ಚಿಕ್ಕಪ್ಪ ಎದುರಾದರೆ, ಸಣ್ಣಕ್ಕಿಗೆ ಎದುರಾಗುವುದು ದಪ್ಪಕ್ಕಿ. ‘ಬಿಗ್ ಬ್ರದರ್’, ‘ಲಿಟಲ್ ಬ್ರದರ್’ ಎಂಬಲ್ಲಿ ವಿಶೇಷಣಗಳು ಹೊರುವ ವಯಸ್ಸಿನ ಅಂತರವನ್ನು ಕನ್ನಡದಲ್ಲಿ ಅಣ್ಣ, ತಮ್ಮ ಎಂಬ ನಾಮಪದಗಳೇ ಹೊರುತ್ತವೆ. ‘ಬಿಗ್’, ‘ಲಾರ್ಜ್’ ಎರಡಕ್ಕೂ ‘ದೊಡ್ಡ’ ಎಂದಷ್ಟೇ ಬರೆಯುವ ದ್ವಿಭಾಷಾ ಕೋಶ ಅರ್ಥವನ್ನು ಮುಟ್ಟಿಸುತ್ತದೆ, ಜೋಡಿಯನ್ನು ಕಳೆಯುತ್ತದೆ.

ಇದರ ಬೆಲೆ ತೆರುವವನು ಕಲಿಯುವವನು. ಕಾಸರಗೋಡಿನಲ್ಲೋ ಅಕ್ಕಲಕೋಟೆಯಲ್ಲೋ ಕನ್ನಡದ ಮೂಲಕ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿ ‘ಬಿಗ್’ ಎದುರಿಗೆ ‘ಸ್ಮಾಲ್’ ಬರೆದರೆ ಅದನ್ನು ತಪ್ಪೆನ್ನಲು ತರ್ಕದ ಆಧಾರವಿಲ್ಲ. ‘ಲಿಟಲ್’ ಬರೆದರೆ ರೂಢಿಯ ಆಧಾರವಿದೆ. ಆದುದರಿಂದ ಕೋಶಕಾರನಾಗಲಿ ಪಠ್ಯಕಾರನಾಗಲಿ ಒಂದು ಪದಕ್ಕೆ ಒಂದೇ ವಿರುದ್ಧಪದವನ್ನು ಗಂಟುಹಾಕುವ ಬದಲು, ಯಾವ ನಾಮಪದದ ಜೊತೆ, ಯಾವ ಅಳತೆಯ ಮೇಲೆ ಆ ವಿರೋಧ ಸಲ್ಲುತ್ತದೆಂಬುದನ್ನು ಉದಾಹರಣೆಯೊಡನೆ ನಮೂದಿಸಬೇಕು. ವಿರುದ್ಧಪದಗಳ ಒಂಟಿ ಪಟ್ಟಿಗಳಲ್ಲಿ ಇಲ್ಲದಿರುವುದು ಈ ಸಂದರ್ಭವೇ.