ಕೆಂಗಣ್ಣಿನ ಜೀರುಂಡೆ

ನಮ್ಮ ಮಲೆನಾಡಿನ ಜೀರುಂಡೆ ಪ್ರತಿವರ್ಷವೂ ಕಿವಿ ತುಂಬುತ್ತದೆ. ಪೂರ್ವ ಅಮೆರಿಕದ ಮ್ಯಾಜಿಸಿಕಾಡ ಎಂಬ ಜೀರುಂಡೆ ಹಾಗಲ್ಲ. ಬೇರಿನ ರಸ ಹೀರುತ್ತ 13 ಇಲ್ಲವೇ 17 ವರ್ಷ ನೆಲದಡಿಯಲ್ಲೇ ಬೆಳೆದು, ವಸಂತದಲ್ಲಿ ಮಣ್ಣು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಲಕ್ಷಗಟ್ಟಲೆ ಒಟ್ಟಿಗೇ ಮೇಲೇಳುತ್ತದೆ. ಹಕ್ಕಿ, ಅಳಿಲುಗಳು ತಿಂದು ತೇಗಿದರೂ ಮಿಕ್ಕವು ಬೇಕಾದಷ್ಟು!

ಕ್ಯಾಮೆರಾಕ್ಕೆ ಹಬ್ಬವೆಂದರೆ ಅವು ಮೇಲೇಳುವ ರಾತ್ರಿಗಳು. ಮರಿ ಕಾಂಡವೇರಿ ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಬೆನ್ನು ಸೀಳುತ್ತದೆ. ಹಾಲುಬಿಳುಪಿನ ಮೈ ಹಿಂದಕ್ಕೆ ಬಾಗುತ್ತ ಹೊರಬರುತ್ತದೆ, ಮುದುಡಿದ ರೆಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಮೈ ಗಟ್ಟಿಯಾಗಿ ಕಪ್ಪಾಗುವತನಕ ಅದು ಹಾರಲಾರದು. ಮ್ಯಾಕ್ರೋ ಲೆನ್ಸಿಗೆ ಇಷ್ಟು ಸಹಕರಿಸುವ ಕೀಟ ಅಪರೂಪ. ಫ್ಲ್ಯಾಶಿಗೆ ತೆಳುವಾದ ಬಿಳಿ ಪರದೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಆ ಬಿಳುಪಿನ ಸೂಕ್ಷ್ಮವೆಲ್ಲ ಅಳಿಸಿಹೋಗುತ್ತದೆ. ಫೋಕಸ್ ಕೆಂಪು ಕಣ್ಣಿನ ಮೇಲಿರಲಿ. ಎರಡು ದೊಡ್ಡ ಕಣ್ಣುಗಳ ನಡುವೆ ಮಾಣಿಕ್ಯದ ಹರಳಿನಂಥ ಇನ್ನೂ ಮೂರು ಪುಟ್ಟ ಕಣ್ಣುಗಳಿವೆ. ಅವು ಕಾಣದ ಚಿತ್ರ ನನಗಂತೂ ಅರೆಬರೆ.

ಆಮೇಲಿನ ಬಾಳು ಕೆಲವೇ ವಾರ. ಗಂಡು ಕೂಗುತ್ತದೆ, ಹೆಣ್ಣು ಎಳೆಗೊಂಬೆ ಸೀಳಿ ಮೊಟ್ಟೆಯಿಡುತ್ತದೆ, ಮರಿಗಳು ಉದುರಿ ಮಣ್ಣು ಸೇರುತ್ತವೆ. ಹೀಗೆ ಒಟ್ಟಿಗೇ ಏಳುವ ಗುಂಪುಗಳಲ್ಲಿ ‘ಹತ್ತನೇ ಬಳಗ’ ಎನ್ನುವುದು 2021ರಲ್ಲಿ ಎದ್ದಿತು; ಅದು ಮತ್ತೆ ಏಳುವುದು 2038ರಲ್ಲಿ.